ಮುದಿಯಾದ ಕ್ರೂಸ್ ಹಡಗನ್ನು ಸಮುದ್ರದಲ್ಲೇ ಮುಳುಗಿಸಿಬಿಡ್ತಾರಾ?

ಪ್ರಶ್ನೆ: ಸಾರ್, ಕ್ರೂಸ್ ಹಡಗುಗಳಿಗೆ ವಯಸ್ಸಾದ ಮೇಲೆ ಏನು ಮಾಡ್ತಾರೆ? ನಡುಸಮುದ್ರಕ್ಕೆ ತಗೊಂಡು ಹೋಗಿ ಮುಳುಗಿಸಿಬಿಡ್ತಾರೆ ಅಂತ ಕೇಳಿದ್ದೀನಿ. ನಿಜಾನಾ?
(ಮಂಡ್ಯದ ಒಬ್ಬ ಓದುಗರು)

ಉತ್ತರ: ಇಲ್ಲ. ಮುಳುಗಿಸುವುದಿಲ್ಲ, ಒಡೆಯುತ್ತಾರೆ.

ಈ ಪ್ರಶ್ನೆ ನನಗೆ ಬರುತ್ತಿರುವುದು ಎಷ್ಟನೇ ಸಲವೋ ಗೊತ್ತಿಲ್ಲ. ಹಡಗಿನ ಎಂಜಿನ್ ರೂಮಿನ ಕೆಲಸ ಮುಗಿಸಿ ಮೈಸೂರಿಗೆ ಬಂದು ನೆಲೆಸಿದಾಗಿನಿಂದ ಕೇಳುತ್ತಲೇ ಇದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ ಕೇಳುತ್ತಾರೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯುವಾಗ ಕೇಳುತ್ತಾರೆ. ಊರಿಗೆ ಹೋದರೆ ತಮ್ಮನ ಮಗ ಶುರು ಮಾಡುತ್ತಾನೆ: "ದೊಡ್ಡಪ್ಪ, ಮುಳುಗಿಸ್ಬುಡ್ತಾರಂತಲ್ಲ, ದಿಟ್ವಾ?" ಅರ್ಧ ಜನ ಪ್ರಶ್ನೆಯ ಜೊತೆ ಉತ್ತರವನ್ನೂ ತಾವೇ ತಂದಿರುತ್ತಾರೆ. ಅದಕ್ಕೇ ಈ ಸಲ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ವಯಸ್ಸಿನ ಮಾತು ಮುಗಿಸಿಬಿಡೋಣ. ಕ್ರೂಸ್ ಹಡಗು ಸಾಮಾನ್ಯವಾಗಿ ಮೂವತ್ತು ವರ್ಷ ಓಡುತ್ತದೆ. ಚೆನ್ನಾಗಿ ನೋಡಿಕೊಂಡರೆ ನಲವತ್ತೂ ಓಡುತ್ತದೆ. ಕೆಟ್ಟು ನಿಂತಿತು ಅಂತ ಮಾರುವುದು ಕಡಿಮೆ, ಲೆಕ್ಕ ಕೂಡದೆ ಹೋದಾಗ ಮಾರುವುದೇ ಜಾಸ್ತಿ. ಐದು ವರ್ಷಕ್ಕೊಮ್ಮೆ ದೊಡ್ಡ ತಪಾಸಣೆ ಬರುತ್ತದೆ. ಹಳೆಯ ಹಡಗಾದರೆ ಪ್ರತಿ ಸಲವೂ ಬದಲಿಸಬೇಕಾದ ತಗಡು, ಪೈಪು, ವೈರಿನ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ನಿಯಮಗಳೂ ಬಿಗಿಯಾಗುತ್ತವೆ. 2010ರ ಅಕ್ಟೋಬರಿನಲ್ಲಿ ಬೆಂಕಿ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮ ಪೂರ್ತಿ ಜಾರಿಗೆ ಬಂದಾಗ, ಒಳಗೆಲ್ಲ ಮರದ ಕೆಲಸವಿದ್ದ ಎಷ್ಟೋ ಹಳೆಯ ಹಡಗುಗಳ ಆಯುಸ್ಸು ಅಲ್ಲಿಗೇ ಮುಗಿಯಿತು. ಗಾತ್ರದ ಪೈಪೋಟಿ ಬೇರೆ. 1988ರಲ್ಲಿ 'ಸಾವರಿನ್ ಆಫ್ ದ ಸೀಸ್' ಓಡಾಟ ಶುರು ಮಾಡಿದಾಗ ಅದೇ ಜಗತ್ತಿನ ಅತಿ ದೊಡ್ಡ ಕ್ರೂಸ್ ಹಡಗು, ಸುಮಾರು 73,000 ಗ್ರಾಸ್ ಟನ್. 2024ರಲ್ಲಿ ಬಂದ 'ಐಕಾನ್ ಆಫ್ ದ ಸೀಸ್' ಅದರ ಮೂರು ಪಟ್ಟಿಗೂ ಜಾಸ್ತಿ.

ವಯಸ್ಸೊಂದೇ ಕಾರಣವಲ್ಲ ಅನ್ನುವುದಕ್ಕೆ ನಮ್ಮ ಮುಂಬೈನ ಎರಡು ಹಡಗು ನೋಡಿ. 'ಕರ್ನಿಕಾ' 1990ರ ಹಡಗು. 2019ರಲ್ಲಿ ಮುಂಬೈನಿಂದ ಓಡಾಟ ಶುರು ಮಾಡಿತು. ಕೋವಿಡ್ ಬಂತು, ಕಂಪನಿ ಮುಳುಗಿತು, 2020ರ ನವೆಂಬರಿನಲ್ಲಿ ಹಡಗು ಒಡೆಯುವ ದಡ ಸೇರಿತು. ಮರುವರ್ಷ ಅದೇ ಮುಂಬೈನಿಂದ 'ಎಂಪ್ರೆಸ್' ಹೊರಟಿತು. ಮೈಸೂರಿನಿಂದ ಎಷ್ಟೋ ಜನ ಅದರಲ್ಲಿ ಗೋವಾಗೆ, ಲಕ್ಷದ್ವೀಪಕ್ಕೆ ಹೋಗಿ ಫೋಟೋ ಹಾಕಿದ್ದೀರಿ. ಅದು ಕಟ್ಟಿದ್ದೂ 1990ರಲ್ಲೇ.

ಈಗ ಮುಳುಗಿಸುವ ಮಾತಿಗೆ ಬರುತ್ತೇನೆ.

ಮಂಡ್ಯದವರು ಈ ಪ್ರಶ್ನೆ ಕೇಳಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಗುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಹಿಂಡಿದ ಮೇಲೆ ಉಳಿದ ಸಿಪ್ಪೆಯನ್ನು ಯಾರಾದರೂ ಕಾಲುವೆಗೆ ಎಸೆಯುತ್ತಾರಾ? ಬಿಸಿಲಿಗೆ ಹರವಿ, ಒಣಗಿಸಿ, ಅದೇ ಕೊಪ್ಪರಿಗೆಯ ಒಲೆಗೆ ಹಾಕುತ್ತಾರೆ. ಸಿಪ್ಪೆಗೇ ಅಷ್ಟು ಬೆಲೆ ಇರುವಾಗ ಸಾವಿರಾರು ಟನ್ ಉಕ್ಕನ್ನು ಯಾರು ನೀರಿಗೆ ಬಿಡುತ್ತಾರೆ?

ಲೆಕ್ಕ ಹಾಕಿ. ಹಡಗನ್ನು ಗುಜರಿಗೆ ಮಾರುವುದು ಖಾಲಿ ಹಡಗಿನ ತೂಕದ ಮೇಲೆ. ಇಂಧನ, ನೀರು, ಸಾಮಾನು ಯಾವುದೂ ಸೇರದ ತೂಕ. ಇಲ್ಲೊಂದು ಮಾತು ತಿಳಿದಿರಲಿ: ಪೇಪರಿನಲ್ಲಿ '70,000 ಟನ್ ಹಡಗು' ಅಂತ ಬಂದರೆ ಅದು ತೂಕವಲ್ಲ. ಗ್ರಾಸ್ ಟನ್ ಅನ್ನುವುದು ಹಡಗಿನ ಒಳಗಿನ ಜಾಗದ ಅಳತೆ. ಮನೆ ಎಷ್ಟು ಚದರ ಅನ್ನುತ್ತೇವಲ್ಲ, ಹಾಗೆ. ನಿಜವಾದ ತೂಕ ಅದಕ್ಕಿಂತ ಎಷ್ಟೋ ಕಡಿಮೆ. ಖಾಲಿ ತೂಕ 30,000 ಟನ್ ಅಂತಿಟ್ಟುಕೊಳ್ಳಿ, ಟನ್ನಿಗೆ 400 ಡಾಲರ್ ಅಂತ ಹಿಡಿಯಿರಿ. ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರ್ ಆಯಿತು. ರೂಪಾಯಿಯಲ್ಲಿ ಹತ್ತಿರ ಹತ್ತಿರ ನೂರು ಕೋಟಿ. ನೂರು ಕೋಟಿಯನ್ನು ಯಾವ ಕಂಪನಿಯೂ ಸುಮ್ನೆ ಸಮುದ್ರದ ತಳಕ್ಕೆ ಕಳಿಸುವುದಿಲ್ಲ.

ಅದೂ ಅಲ್ಲದೆ, ಮುಳುಗಿಸುವುದು ಬಿಟ್ಟಿ ಕೆಲಸವಲ್ಲ. 1972ರ ಲಂಡನ್ ಒಪ್ಪಂದದ ಪ್ರಕಾರ ಬೇಡದ ಹಡಗನ್ನು ಸಮುದ್ರಕ್ಕೆ ತಳ್ಳುವುದೂ ಕಸ ಸುರಿದ ಹಾಗೆಯೇ. ಅನುಮತಿ ಬೇಕು. ಅನುಮತಿ ಸಿಗಬೇಕಾದರೆ ಎಣ್ಣೆ, ವಿಷದ ಬಣ್ಣ, ಕೇಬಲ್ಲು, ಎಲ್ಲ ತೆಗೆದು ಚೊಕ್ಕಟ ಮಾಡಬೇಕು. ಅಮೆರಿಕದ ನೌಕಾಪಡೆ 'ಒರಿಸ್ಕನಿ' ಅನ್ನುವ ಯುದ್ಧವಿಮಾನ ಹೊರುವ ಹಳೆಯ ಹಡಗನ್ನು 2006ರಲ್ಲಿ ಫ್ಲೋರಿಡಾ ಹತ್ತಿರ ಮುಳುಗಿಸಿತು. ಮೀನುಗಳಿಗೆ ನೆಲೆಯಾಗಲಿ, ಮುಳುಗು ಹಾಕುವವರು ನೋಡಲು ಬರಲಿ ಅಂತ. ಅದಕ್ಕೆ ಎರಡು ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚಾಯಿತು. ಅಂದರೆ ಬರುವ ದುಡ್ಡು ಬಿಟ್ಟು, ಕೈಯಿಂದಲೂ ಹಾಕಬೇಕು. ಸರ್ಕಾರವಾದರೆ ಮಾಡಬಹುದು, ವ್ಯಾಪಾರಿ ಮಾಡುವುದಿಲ್ಲ.

ಈ ತಪ್ಪು ತಿಳಿವಳಿಕೆಗೆ ಮೂಲವೇ ಅಂಥ ಚಿತ್ರಗಳು. ಒರಿಸ್ಕನಿ ನೊರೆ ಎಬ್ಬಿಸಿಕೊಂಡು ಕೆಳಗಿಳಿಯುವ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಅದು ಯುದ್ಧದ ಹಡಗು ಅಂತ ಯಾರೂ ಹೇಳುವುದಿಲ್ಲ. ಇನ್ನೊಂದು ಕಥೆ 'ಲ್ಯೂಬೊವ್ ಒರ್ಲೊವಾ'ದ್ದು. 1976ರ ಸಣ್ಣ ಕ್ರೂಸ್ ಹಡಗು. 2013ರ ಶುರುವಿನಲ್ಲಿ ಕೆನಡಾದಿಂದ ಡೊಮಿನಿಕನ್ ರಿಪಬ್ಲಿಕ್‌ಗೆ ಒಡೆಯುವುದಕ್ಕೆ ಎಳೆದುಕೊಂಡು ಹೋಗುವಾಗ ಹಗ್ಗ ಕಿತ್ತು, ಜನರಿಲ್ಲದ ಹಡಗು ಅಟ್ಲಾಂಟಿಕ್‌ನಲ್ಲಿ ತೇಲಿಕೊಂಡು ಹೋಯಿತು. ಒಳಗೆ ಒಂದನ್ನೊಂದು ತಿನ್ನುವ ಇಲಿಗಳಿವೆ ಅಂತೆಲ್ಲ ಪತ್ರಿಕೆಗಳಲ್ಲಿ ಬಂತು. ಹಾಗೆಯೇ 'ಅಮೆರಿಕನ್ ಸ್ಟಾರ್' ಅನ್ನುವ ಹಡಗು. ಥಾಯ್ಲೆಂಡಿನಲ್ಲಿ ಹೋಟೆಲ್ ಮಾಡಲು ಎಳೆದು ತರುವಾಗ 1994ರ ಜನವರಿಯ ಬಿರುಗಾಳಿಗೆ ಸಿಕ್ಕಿ, ಕೆನರಿ ದ್ವೀಪದ ದಡಕ್ಕೆ ಬಡಿದು ಎರಡು ತುಂಡಾಯಿತು. ಇವೆರಡೂ ಅಪಘಾತ. ಯಾರೂ ಬೇಕು ಅಂತ ಮಾಡಿದ್ದಲ್ಲ.

ಒಂದು ಅಪವಾದ ಇದೆ, ಮುಚ್ಚಿಡುವುದಿಲ್ಲ. 1952ರ 'ಯುನೈಟೆಡ್ ಸ್ಟೇಟ್ಸ್' ಅನ್ನುವ ಪ್ರಯಾಣಿಕರ ಹಡಗನ್ನು 2024ರಲ್ಲಿ ಫ್ಲೋರಿಡಾದ ಒಂದು ಕೌಂಟಿ ಆಡಳಿತವೇ ಮುಳುಗಿಸುವುದಕ್ಕೆ ಅಂತ ಕೊಂಡಿತು. ಆದರೆ ಆ ಹಡಗು ಓಡಾಟ ನಿಲ್ಲಿಸಿದ್ದು 1969ರಲ್ಲಿ. ಹಾಗೇ ಕಟ್ಟಿಹಾಕಿ ಅರ್ಧ ಶತಮಾನ ದಾಟಿತ್ತು. ಕೊಂಡವರದ್ದೂ ಸರ್ಕಾರದ ದುಡ್ಡು. ಇದೊಂದನ್ನು ಹಿಡಿದುಕೊಂಡು 'ಎಲ್ಲ ಹಡಗನ್ನೂ ಮುಳುಗಿಸ್ತಾರೆ' ಅನ್ನಬಾರದು.

ಹಾಗಾದರೆ ಎಲ್ಲಿಗೆ ಹೋಗುತ್ತವೆ? ಕ್ರೂಸ್ ಹಡಗುಗಳ ಮಟ್ಟಿಗೆ ಮುಖ್ಯವಾಗಿ ಎರಡು ಕಡೆ. ಒಂದು, ಟರ್ಕಿಯ ಅಲಿಯಾಗಾ. 2020ರಲ್ಲಿ ಐದು ಕ್ರೂಸ್ ಹಡಗುಗಳು ಅಲ್ಲಿ ಪಕ್ಕಪಕ್ಕದಲ್ಲೇ ನಿಂತು ಕತ್ತರಿಸಿಕೊಳ್ಳುತ್ತಿದ್ದ ಫೋಟೋ ಲೋಕವೆಲ್ಲ ನೋಡಿತು. ನಾನು ಮೇಲೆ ಹೇಳಿದ 'ಸಾವರಿನ್' ಅದರಲ್ಲೊಂದು. ಇನ್ನೊಂದು ನಮ್ಮದೇ ಗುಜರಾತಿನ ಅಲಂಗ್. ಭಾವನಗರ ಜಿಲ್ಲೆ, ಖಂಭಾತ್ ಕೊಲ್ಲಿಯ ದಡ. 1983ರಿಂದ ಅಲ್ಲಿ ಹಡಗು ಒಡೆಯುತ್ತಿದ್ದಾರೆ. ಕರ್ನಿಕಾ ಹೋಗಿದ್ದೂ ಅಲ್ಲಿಗೇ.

ಅಲಂಗ್ ಯಾಕೆ ಅಂದರೆ ನೀರು. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹತ್ತು ಮೀಟರಿನಷ್ಟು ವ್ಯತ್ಯಾಸ ಬರುತ್ತದೆ, ಅಂದರೆ ಮೂರಂತಸ್ತಿನ ಮನೆಯೆತ್ತರ. ದಡ ಇಳಿಜಾರಿಲ್ಲದೆ ಚಪ್ಪಟೆಯಾಗಿದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರದ ದೊಡ್ಡ ಉಬ್ಬರ ನೋಡಿ ಹಡಗನ್ನು ನೇರ ದಡಕ್ಕೆ ಓಡಿಸುತ್ತಾರೆ. ನೀರು ಇಳಿದಾಗ ಹಡಗು ಕೆಸರಿನ ಮೇಲೆ ಕೂತಿರುತ್ತದೆ.

ಒಂದು ಹಳೆಯ ಸರಕು ಹಡಗನ್ನು ಹಾಗೆ ಅಲಂಗ್ ದಡಕ್ಕೆ ಏರಿಸಿದ ತಂಡದಲ್ಲಿ ನಾನೂ ಇದ್ದೆ. ಮುಂಭಾಗ ಹಗುರಾಗಿ ಮೇಲೆದ್ದಿರಲಿ ಅಂತ ಹಿಂದಿನ ಟ್ಯಾಂಕುಗಳಿಗೆ ನೀರು ತುಂಬಿಕೊಂಡಿದ್ದೆವು. ಕೆಳಗೆ ಎಂಜಿನ್ ರೂಮಿನಲ್ಲಿ ನಮಗೆ ದಡ ಕಾಣುವುದಿಲ್ಲ. ಮೇಲಿನಿಂದ ಫುಲ್ ಅಹೆಡ್, ಅಂದರೆ ಪೂರ್ತಿ ಜೋರಿನಲ್ಲಿ ಮುಂದಕ್ಕೆ, ಅಂತ ಅಪ್ಪಣೆ ಬಂತು. ವರ್ಷಗಟ್ಟಲೆ ಜೋಪಾನ ಮಾಡಿದ ಎಂಜಿನ್ನಿಗೆ ಅಷ್ಟು ಜೋರು ಕೊಟ್ಟಿದ್ದು ಅದೇ ಕೊನೆ. ತಗಡುಗಳು ನಡುಗಿದವು, ಆಮೇಲೆ ತಳ ಉಜ್ಜುವ ಉದ್ದನೆಯ ಸದ್ದು. ಎಂಜಿನ್ ತಣ್ಣಗಿಡುವ ಸಮುದ್ರದ ನೀರಿನ ಬದಲು ಪಂಪುಗಳು ಕೆಸರು ಎಳೆಯತೊಡಗಿದವು. ಕೂಡಲೇ ನಿಲ್ಲಿಸಬೇಕು, ನಿಲ್ಲಿಸಿದೆವು. ಜನರೇಟರ್ ಆರಿಸಿದ್ದೇ ಕತ್ತಲೆ, ನಿಶ್ಶಬ್ದ. ಹಡಗಿನಲ್ಲಿ ಯಾವತ್ತೂ ನಿಶ್ಶಬ್ದ ಇರುವುದಿಲ್ಲ. ಜೊತೆಗಿದ್ದ ಚೀಫ್ ಎಂಜಿನಿಯರ್ ಕಂಟ್ರೋಲ್ ಹಿಡಿಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.

ಅಲ್ಲಿಂದ ಮುಂದೆ ಎಲ್ಲ ಮನುಷ್ಯರ ಕೈ ಕೆಲಸ. ಒಡಿಶಾ, ಬಿಹಾರ, ಉತ್ತರ ಪ್ರದೇಶದಿಂದ ಬಂದ ಹುಡುಗರು ಗ್ಯಾಸ್ ಕಟರ್ ಹಿಡಿದು ಮುಂಭಾಗದಿಂದ ಕತ್ತರಿಸುತ್ತಾ ಬರುತ್ತಾರೆ. ಹಡಗು ಹಗುರಾದ ಹಾಗೆ ವಿಂಚಿನಿಂದ ದಡಕ್ಕೆ ಇನ್ನಷ್ಟು ಎಳೆದುಕೊಳ್ಳುತ್ತಾರೆ. ತಗಡುಗಳು ಸುತ್ತಮುತ್ತಲ ರೋಲಿಂಗ್ ಮಿಲ್ಲಿಗೆ ಹೋಗಿ ಕಟ್ಟಡದ ಕಬ್ಬಿಣವಾಗುತ್ತವೆ. ಸರಕು ಹಡಗು ಒಡೆಯುವುದು ಸುಲಭ, ಅದು ಹೆಚ್ಚುಕಡಿಮೆ ಒಂದು ಕಬ್ಬಿಣದ ಡಬ್ಬ. ಕ್ರೂಸ್ ಹಡಗು ಒಂದು ಊರಿದ್ದ ಹಾಗೆ. ಸಾವಿರ ಕೋಣೆ, ಸಾವಿರ ಬಚ್ಚಲು, ಅಡುಗೆಮನೆ, ಲಿಫ್ಟು, ಮೈಲುಗಟ್ಟಲೆ ವೈರು. ಅದೆಲ್ಲ ಬಿಚ್ಚಿದ ಮೇಲೆ ಉಕ್ಕು ಸಿಗುತ್ತದೆ. ಹಳೆಯವುಗಳಲ್ಲಿ ಗೋಡೆಯೊಳಗೆಲ್ಲ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕಾಯಿಲೆ ಕಾಣಿಸಿಕೊಳ್ಳುವುದು ಇಪ್ಪತ್ತು ಮೂವತ್ತು ವರ್ಷದ ಮೇಲೆ.

ಜನ ನನ್ನನ್ನು ಕೇಳಬೇಕಾಗಿದ್ದು ಇದರ ಬಗ್ಗೆ. ಫ್ರಾನ್ಸಿನ ಹೆಮ್ಮೆಯಾಗಿದ್ದ 'ಫ್ರಾನ್ಸ್' ಅನ್ನುವ 316 ಮೀಟರ್ ಉದ್ದದ ಹಡಗು ಆಮೇಲೆ 'ನಾರ್ವೆ' ಆಯಿತು. 2003ರಲ್ಲಿ ಮಯಾಮಿಯಲ್ಲಿ ಅದರ ಬಾಯ್ಲರ್ ಸಿಡಿದು ಎಂಟು ಸಿಬ್ಬಂದಿ ಸತ್ತರು. ಕೊನೆಗೆ 'ಬ್ಲೂ ಲೇಡಿ' ಅಂತ ಹೆಸರು ಹೊತ್ತು 2006ರಲ್ಲಿ ಅಲಂಗ್‌ಗೆ ಬಂತು. ಕಲ್ನಾರಿನ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2007ರಲ್ಲಿ ಕೋರ್ಟು ಒಡೆಯಲು ಒಪ್ಪಿತು. ಟರ್ಕಿಯಲ್ಲೂ ಅಷ್ಟೇ. ಟಿವಿ ಧಾರಾವಾಹಿಯಿಂದ ಹೆಸರಾಗಿದ್ದ 'ಪೆಸಿಫಿಕ್ ಪ್ರಿನ್ಸೆಸ್' 2013ರಲ್ಲಿ ಅಲಿಯಾಗಾಕ್ಕೆ ಬಂದಾಗ ವಿಷಗಾಳಿ ಕುಡಿದು ಇಬ್ಬರು ಕೆಲಸಗಾರರು ತೀರಿಕೊಂಡರು. ಹಡಗಿನ ಹೆಸರು ಎಲ್ಲರಿಗೂ ನೆನಪಿದೆ, ಆ ಇಬ್ಬರ ಹೆಸರು ಯಾರಿಗೂ ನೆನಪಿಲ್ಲ. ಈಗ ಪರಿಸ್ಥಿತಿ ಸುಧಾರಿಸುತ್ತಿದೆ. ಭಾರತ 2019ರಲ್ಲಿ ಹಡಗು ಮರುಬಳಕೆಗೆ ಅಂತಲೇ ಕಾಯ್ದೆ ಮಾಡಿತು. ಹಡಗು ಒಡೆಯುವುದರ ಬಗ್ಗೆ 2009ರಲ್ಲಿ ಬರೆದ ಅಂತರರಾಷ್ಟ್ರೀಯ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್ 26ರಿಂದ ಜಾರಿಯಲ್ಲಿದೆ. ಇನ್ನು ಮೇಲೆ ಹಡಗಿನ ಯಾವ ಮೂಲೆಯಲ್ಲಿ ಯಾವ ವಿಷ ಇದೆ ಅನ್ನುವ ಪಟ್ಟಿ ಹಡಗಿನ ಜೊತೆಗೇ ಬರಬೇಕು. ಕಟರ್ ಹಿಡಿದ ಹುಡುಗನಿಗೆ ಆ ಪಟ್ಟಿ ತುಂಬಾ ಮುಖ್ಯ.

'ಒಡೆಯೋ ಬದಲು ಹೋಟೆಲ್ ಮಾಡಬಾರದಾ' ಅಂತ ನೀವು ಕೇಳಿಲ್ಲ. ಆದರೆ ಮುಂದಿನ ಪತ್ರ ಅದೇ ಇರುತ್ತದೆ, ಗೊತ್ತು. ಮಾಡಿದ್ದಾರೆ. 'ಕ್ವೀನ್ ಮೇರಿ' 1967ರಿಂದ ಅಮೆರಿಕದ ಲಾಂಗ್ ಬೀಚಿನಲ್ಲಿದೆ. 'ಕ್ಯೂಇ2' (ಕ್ವೀನ್ ಎಲಿಜಬೆತ್ 2) 2008ರಲ್ಲಿ ದುಬೈ ಸೇರಿತು, ಹೋಟೆಲಾಗಿ ಬಾಗಿಲು ತೆರೆಯುವಷ್ಟರಲ್ಲಿ 2018 ಬಂತು. ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಹಳೆಯ ಎಂಜಿನ್‌ಗಳಿವೆ, ಮಹಾರಾಣಿಯವರ ಸಲೂನ್ ಗಾಡಿಯಿದೆ. ಹಳಿಯ ಮೇಲೆ ನಿಲ್ಲಿಸಿ ಬಣ್ಣ ಬಳಿದರೆ ರೈಲು ಗಾಡಿ ಸುಮ್ಮನಿರುತ್ತದೆ. ಹಡಗು ಹಾಗಲ್ಲ. ಉಪ್ಪುನೀರಿನಲ್ಲಿ ನಿಂತ ಹಡಗು ಪ್ರತಿದಿನ ತುಕ್ಕು ಹಿಡಿಯುತ್ತದೆ. ಓಡದಿದ್ದರೂ ಪಂಪು ಓಡಬೇಕು, ಕರೆಂಟು ಬೇಕು, ಕಾಯಲು ಜನ ಬೇಕು. ಹಾಗಾಗಿ ಬದುಕಿದ್ದು ಬೆರಳೆಣಿಕೆಯಷ್ಟು ಮಾತ್ರ.

ಒಳಗಿನ ಸಾಮಾನು ಮಾತ್ರ ಉಳಿದುಕೊಳ್ಳುತ್ತದೆ. ಅಲಂಗ್ ರಸ್ತೆಯ ಎರಡೂ ಬದಿಗೆ ಅಂಗಡಿಗಳು. ಒಂದರಲ್ಲಿ ಬರೀ ಕುರ್ಚಿ, ಇನ್ನೊಂದರಲ್ಲಿ ಬರೀ ಹಾಸಿಗೆ, ಮತ್ತೊಂದರಲ್ಲಿ ಪಿಂಗಾಣಿ ತಟ್ಟೆ, ದೊಡ್ಡ ದೊಡ್ಡ ಪಾತ್ರೆ. ನಾನು ಹೋದಾಗ ಅಲ್ಲಿಂದ ಒಂದು ಲೈಫ್ ರಿಂಗ್ ಕೊಂಡು ತಂದೆ. ಹಡಗಿನ ಕಟಕಟೆಗೆ ನೇತುಹಾಕಿರುವ ಕಿತ್ತಳೆ ಬಣ್ಣದ ತೇಲುವ ಬಳೆ. ನಾವು ಚಿಕ್ಕವರಿದ್ದಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಊರಿನ ಬಾವಿಯಲ್ಲಿ ಈಜು ಕಲಿತೆವು. ಈಗ ಅದೇ ಬಾವಿಯಲ್ಲಿ ತಮ್ಮನ ಮೊಮ್ಮಕ್ಕಳು ಈ ಬಳೆ ಹಿಡಿದು ಕಲಿಯುತ್ತಾರೆ. ಸುತ್ತ ಇದ್ದ ಹಗ್ಗ ಕೊಳೆತಿತ್ತು, ತಮ್ಮ ಎತ್ತಿನ ಮೂಗುದಾರದ ಹಗ್ಗ ಹೊಸೆದು ಕಟ್ಟಿದ್ದಾನೆ. ಬಳೆಯ ಮೇಲೆ ಹಡಗಿನ ಹೆಸರು ಪೂರ್ತಿ ಅಳಿಸಿದೆ. ಕೆಳಗೆ ಅದು ನೋಂದಣಿಯಾಗಿದ್ದ ಜಾಗದ ಹೆಸರು 'ಪನಾಮ' ಅಂತ ಮಾತ್ರ ಓದಲು ಬರುತ್ತದೆ. ಹುಡುಗರಿಗೆ ಆ ಬಳೆಯ ಹೆಸರೇ ಪನಾಮ. ಬಾವಿ ಮೆಟ್ಟಿಲ ಮೇಲೆ ನಿಂತು ಕೂಗುತ್ತಾರೆ: "ಲೇ, ಪನಾಮ ಎಸೀಲಾ!"