ಡ್ರ್ಯಾಗ್‌ಸ್ಟರ್ ಮಾಡೆಲ್: ಅಂಟು ಹಚ್ಚುವ ಮುಂಚೆ ತಿಳಿಯಬೇಕಾದದ್ದು

ಮಾಮೂಲಿ ಕಾರಿನ ಪ್ಲಾಸ್ಟಿಕ್ ಕಿಟ್‌ನಲ್ಲಿ ಬಾನೆಟ್ ಮುಚ್ಚಿದರೆ ಎಂಜಿನ್ ಕಾಣುವುದಿಲ್ಲ. ನೇರವಾದ ಚಿಕ್ಕ ದಾರಿಯ ವೇಗದ ರೇಸಿಗೆಂದೇ ಕಟ್ಟಿದ ಡ್ರ್ಯಾಗ್‌ಸ್ಟರ್ ಕಾರಿಗೆ ಬಾನೆಟ್ಟೇ ಇಲ್ಲ. ಪೈಪುಗಳ ಫ್ರೇಮು, ದೊಡ್ಡ ಎಂಜಿನ್, ಎರಡು ಅಗಲ ಟೈರು, ಎಲ್ಲಾ ಬಯಲಲ್ಲೇ. ಯಾವ ಭಾಗ ಯಾಕೆ ಅಲ್ಲಿದೆ ಅಂತ ಮೊದಲು ಗೊತ್ತಾದರೆ ಜೋಡಿಸುವ ಕೆಲಸ ಎಷ್ಟೋ ಹಗುರ.

ಮೊದಲು ನೋಡಬೇಕಾದ್ದು ಎಂಜಿನ್ ಮುಂದಿದೆಯೋ ಹಿಂದಿದೆಯೋ ಅಂತ. 1960ರ ದಶಕದ ಅಮೆರಿಕದ ಸ್ಲಿಂಗ್‌ಶಾಟ್ ಕಾರುಗಳಲ್ಲಿ, ಅಂದರೆ ಎಂಜಿನ್ ಮುಂದಿರುವ ಡ್ರ್ಯಾಗ್‌ಸ್ಟರ್‌ಗಳಲ್ಲಿ, ಡ್ರೈವರ್ ಕೂರುತ್ತಿದ್ದದ್ದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಎಂಜಿನ್ ಕಣ್ಣೆದುರೇ, ಕ್ಲಚ್ಚು ಗೇರು ಕಾಲ ಹತ್ತಿರ. ಏನು ಸಿಡಿದರೂ ನೇರ ಅವನ ಮೈಮೇಲೆ. 1970ರ ಮಾರ್ಚ್‌ನಲ್ಲಿ ಲಾಂಗ್ ಬೀಚ್ ಹತ್ತಿರದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಅವರ ಕಾರಿನ ಟ್ರಾನ್ಸ್‌ಮಿಷನ್ ಒಡೆದು, ಕಾರು ಎರಡು ತುಂಡಾಯಿತು. ಅವರ ಬಲ ಪಾದದ ಒಂದು ಭಾಗವೇ ಹೋಯಿತು. ಅದಾದ ಮೇಲೆ ಅವರು ಎಂಜಿನ್ನನ್ನು ಬೆನ್ನ ಹಿಂದೆ ಇಟ್ಟು ಸ್ವಾಂಪ್ ರ‍್ಯಾಟ್ 14 ಎಂಬ ಕಾರು ಕಟ್ಟಿದರು. 1971ರಲ್ಲಿ ಪೊಮೊನಾದ ವಿಂಟರ್‌ನ್ಯಾಷನಲ್ಸ್ ರೇಸ್ ಗೆದ್ದರು. ಆಮೇಲೆ ಕೆಲವೇ ವರ್ಷಗಳಲ್ಲಿ ಮಿಕ್ಕವರೆಲ್ಲ ಅದೇ ದಾರಿ ಹಿಡಿದರು. ಈ ಎರಡು ಬಗೆಯ ಕಿಟ್‌ಗಳನ್ನು ಪಕ್ಕಪಕ್ಕ ಕಟ್ಟಿಟ್ಟರೆ ಆ ಕಥೆ ಕಣ್ಣಿಗೇ ಕಾಣುತ್ತದೆ. ನನಗೆ ಈ ಹವ್ಯಾಸದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಇನ್ನು ಫ್ರೇಮು. ಒಂದೂವರೆ ಇಂಚಿನ ಸ್ಟೀಲ್ ಪೈಪು 1/25 ಸ್ಕೇಲ್‌ನಲ್ಲಿ, ಅಂದರೆ ನಿಜವಾದದ್ದರ 25ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಸುಮಾರು 1.5 ಮಿ.ಮೀ. ಅಷ್ಟೇ. ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ (ಸ್ಪ್ರೂ) ತಿರುಚಿ ಕೀಳಬೇಡಿ, ಮುರಿಯುತ್ತದೆ. ಸೈಡ್ ಕಟರ್‌ನಿಂದ ಸ್ವಲ್ಪ ದೂರಕ್ಕೆ ಕತ್ತರಿಸಿ, ಉಳಿದ ಚೂರನ್ನು ಆಮೇಲೆ ಬ್ಲೇಡಿನಿಂದ ತೆಗೆಯಿರಿ. ಪೈಪಿನ ಉದ್ದಕ್ಕೂ ಅಚ್ಚಿನ ಗೆರೆ ಇರುತ್ತದೆ. ಅದನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿದರೆ ದುಂಡಗಿನ ಪೈಪು ಚಪ್ಪಟೆಯಾಗುತ್ತದೆ. ಬ್ಲೇಡಿನ ಬೆನ್ನಿನಿಂದ ಮೆಲ್ಲಗೆ ಕೆರೆದರೆ ಗೆರೆ ಮಾತ್ರ ಹೋಗುತ್ತದೆ. ಜೋಡಿಸುವಾಗ ಕೆಳಗೆ ಗಾಜಿನ ತುಂಡು, ಅದರಡಿ ಗ್ರಾಫ್ ಪೇಪರ್ ಇಡಿ. ಫ್ರೇಮಿನ ನಡುಗೆರೆ ಪೇಪರಿನ ಗೆರೆಗೆ ಕೂಡಬೇಕು. ಲಿಕ್ವಿಡ್ ಸಿಮೆಂಟ್ ಎಂಬ ತೆಳುವಾದ ಮಾಡೆಲ್ ಅಂಟು ಸಂದಿಗೆ ತಾನೇ ಇಳಿದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಒಣಗುವ ಮುಂಚೆಯೇ ಸೊಟ್ಟ ತಿದ್ದಿ, ರಾತ್ರಿಯಿಡೀ ಹಾಗೇ ಬಿಡಿ. ನಿಜವಾದ ಕಾರಿಗೆ ಹಿಂದೆ ಸಸ್ಪೆನ್ಷನ್ ಇಲ್ಲ, ಆಕ್ಸಲ್ ಫ್ರೇಮಿಗೇ ಬಿಗಿ. ಮಾಡೆಲ್‌ನಲ್ಲೂ ಹಾಗೇ. ಫ್ರೇಮು ಒಂಚೂರು ತಿರುಚಿದರೂ ಮುಂದಿನ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ.

ಎಂಜಿನ್‌ಗೆ ಜಾಸ್ತಿ ಸಮಯ ಕೊಡಿ. ಮೇಲೆ ಕೂತು ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಸೂಪರ್‌ಚಾರ್ಜರ್, ಅಂದರೆ 6-71 ಬ್ಲೋವರ್, ಮೂಲದಲ್ಲಿ ಡೀಸೆಲ್ ಎಂಜಿನ್‌ನದು. 6 ಸಿಲಿಂಡರ್, ಒಂದೊಂದೂ 71 ಘನ ಇಂಚು, ಅದೇ ಆ ಹೆಸರು. ಕಿಟ್‌ನಲ್ಲಿ ಇದಕ್ಕೆ ಕನ್ನಡಿಯಂಥ ಕ್ರೋಮ್ ಕೊಟ್ಟಿರುತ್ತಾರೆ. ನಿಜವಾದದ್ದು ಅಲ್ಯೂಮಿನಿಯಂ, ಅಷ್ಟು ಹೊಳೆಯುವುದಿಲ್ಲ. ಮನೆಯ ಬ್ಲೀಚ್‌ನಲ್ಲಿ ನೆನೆಹಾಕಿದರೆ ಕ್ರೋಮ್ ಬಿಡುತ್ತದೆ. ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ. ಕ್ರೋಮ್ ಉಳಿಸಿಕೊಳ್ಳುವುದಾದರೆ ಅಂಟುವ ಜಾಗದಲ್ಲಾದರೂ ಕೆರೆಯಿರಿ, ಇಲ್ಲದಿದ್ದರೆ ಸಿಮೆಂಟ್ ಹಿಡಿಯುವುದಿಲ್ಲ.

ಮಾಡೆಲ್‌ಗೆ ಜೀವ ಬರುವುದು ಸ್ಪಾರ್ಕ್ ಪ್ಲಗ್ ವೈರ್‌ಗಳಿಂದ. 8 ಮಿ.ಮೀ. ದಪ್ಪದ ವೈರು ಈ ಸ್ಕೇಲ್‌ನಲ್ಲಿ 0.3 ಮಿ.ಮೀ. ಹಳೇ ಕೇಬಲ್‌ನೊಳಗಿನ ತಾಮ್ರದ ಎಳೆ ಸಾಕು. ಹೆಮಿ ಎಂಜಿನ್‌ನಲ್ಲಿ, ಅಂದರೆ ಅರ್ಧಗೋಳದಂಥ ದಹನ ಕೋಣೆ ಇರುವ ಎಂಜಿನ್‌ನಲ್ಲಿ, ಪ್ಲಗ್‌ಗಳು ವಾಲ್ವ್ ಕವರಿನ ನಟ್ಟನಡುವೆ ಇಳಿಯುತ್ತವೆ. ಅಲ್ಲಿ ಪಿನ್ ವೈಸ್ ಎಂಬ ಪುಟ್ಟ ಕೈ ಡ್ರಿಲ್‌ನಿಂದ ತೂತು ಕೊರೆಯಿರಿ. ಸಿಲಿಂಡರ್ ನಂಬರು ಮುಂದಿನಿಂದ, ಡ್ರೈವರ್‌ನ ಎಡಗಡೆ 1, 3, 5, 7, ಬಲಗಡೆ 2, 4, 6, 8. ಪ್ಲಗ್‌ಗಳಿಗೆ ಕಿಡಿಯ ಕರೆಂಟು ಕೊಡುವ ಮ್ಯಾಗ್ನೆಟೊದ ಕ್ಯಾಪಿನ ಸುತ್ತ ವೈರು ಬರುವ ಕ್ರಮ ಕ್ರೈಸ್ಲರ್‌ನ 426 ಘನ ಇಂಚಿನ ಹೆಮಿಗೆ 1-8-4-3-6-5-7-2. ಸುಮ್ನೆ ಅಕ್ಕಪಕ್ಕದ್ದಕ್ಕೆ ಸಿಕ್ಕಿಸಿದರೆ ಬಲ್ಲವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಇವತ್ತಿನ ಟಾಪ್ ಫ್ಯೂಯೆಲ್ (ಅತಿ ವೇಗದ ಡ್ರ್ಯಾಗ್‌ಸ್ಟರ್ ವರ್ಗ) ಕಾರು ಕಟ್ಟುವವರಿಗೆ ಕೆಲಸ ಇಮ್ಮಡಿ: ಎರಡು ಮ್ಯಾಗ್ನೆಟೊ, 16 ಪ್ಲಗ್.

ಬಣ್ಣ ಮಾಮೂಲಿನಂತೆ: ಪ್ರೈಮರ್, ತೆಳು ಪದರಗಳು, ಡೆಕಾಲ್ ಸ್ಟಿಕ್ಕರ್‌ಗಳಿಗೆ ಮುಂಚೆ ಹೊಳಪಿನ ಕೋಟ್.

ಟೈರು ಕೊನೆಗೆ. ಹಿಂದಿನ ಟೈರುಗಳು ಸ್ಲಿಕ್, ಅಂದರೆ ಮೈಮೇಲೆ ತೋಡುಗಳಿಲ್ಲದ ನುಣುಪಾದವು, ನೆಲ ಮುಟ್ಟುವ ಮೈಯನ್ನು ಉಜ್ಜಿ ಮಂಕು ಮಾಡಿ. ಕಿಟ್‌ನ ಟೈರು ವಿನೈಲ್‌ನದಾದರೆ ಅದು ವರ್ಷಗಳಲ್ಲಿ ಚಕ್ರದ ಪ್ಲಾಸ್ಟಿಕ್ಕನ್ನು ಕರಗಿಸಬಹುದು. ರಿಮ್ಮಿನ ಸುತ್ತ ತೆಳ್ಳಗೆ ಫಾಯಿಲ್ ಸುತ್ತಿ, ಆಮೇಲೆ ಟೈರು ಹಾಕಿ.