ಮೊಬೈಲ್ ಕಿರುಚಿತ್ರ: ದೃಶ್ಯ ಚೆನ್ನಾಗಿದೆ, ಮಾತೇಕೆ ಕೇಳಿಸುತ್ತಿಲ್ಲ?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಮೊಬೈಲ್‌ನಲ್ಲೇ ಹತ್ತು ನಿಮಿಷದ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಟೆಸ್ಟ್ ಶೂಟ್‌ನಲ್ಲಿ ದೃಶ್ಯ ಚೆನ್ನಾಗಿ ಬಂದಿದೆ, ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗಿದೆ. ಒಳ್ಳೆಯ ಕ್ಯಾಮೆರಾ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುವುದಿಲ್ಲ. ಲಕ್ಷ ರೂಪಾಯಿಯ ಕ್ಯಾಮೆರಾ ತಂದು ಅದೇ ಜಾಗದಲ್ಲಿಟ್ಟರೂ ಅದರ ಮೈಕಿಗೆ ಕೇಳಿಸುವುದು ಇದೇ ದನಿ. ತೊಂದರೆ ಇರುವುದು ಬಾಯಿಗೂ ಮೈಕಿಗೂ ನಡುವಿನ ದೂರದಲ್ಲಿ.

ನಟರ ಬಾಯಿಂದ ನೇರವಾಗಿ ಬರುವ ದನಿ, ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆಗೂ ಟೈಲ್ಸ್ ನೆಲಕ್ಕೂ ಬಡಿದು ಬರುವ ಪ್ರತಿಧ್ವನಿ ಹಾಗಲ್ಲ, ಕೋಣೆಯಲ್ಲಿ ಎಲ್ಲಿ ನಿಂತರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎರಡು ಮೀಟರ್ ದೂರದ ಫೋನಿನಲ್ಲಿ ಈ ಪ್ರತಿಧ್ವನಿಯೇ ಮೇಲುಗೈ. ಮೈಕನ್ನು 25 ಸೆಂಟಿಮೀಟರಿಗೆ ತಂದರೆ ನೇರ ದನಿ 18 ಡೆಸಿಬಲ್‌ನಷ್ಟು ಏರುತ್ತದೆ, ಗುಂಯ್‌ಗುಡುವುದು ಹಿಂದೆ ಸರಿಯುತ್ತದೆ. ಎಡಿಟಿಂಗ್‌ನಲ್ಲಿ ವಾಲ್ಯೂಮ್ ಏರಿಸಿದರೆ ಈ ಲಾಭ ಸಿಗದು, ಎರಡೂ ಒಟ್ಟಿಗೇ ಏರುತ್ತವೆ.

ಹಾಗಾಗಿ ಕೈಯಲ್ಲಿರುವ ಹಣ ಮೊದಲು ಕಾಲರ್ ಮೈಕಿಗೆ ಹೋಗಲಿ. ವೈರ್ ಇರುವುದೇ ಸಾಕು. ಅದನ್ನು ಇನ್ನೊಂದು ಫೋನಿಗೆ ಚುಚ್ಚಿ, ರೆಕಾರ್ಡರ್ ಆ್ಯಪ್ ಆನ್ ಮಾಡಿ, ಆ ಫೋನನ್ನು ನಟರ ಜೇಬಿನಲ್ಲಿಡಿ. ಕೊಳ್ಳುವಾಗ ಪಿನ್ ನೋಡಿ: ಮೂರು ಕಪ್ಪು ಗೆರೆ ಇದ್ದರೆ ಫೋನಿನದು, ಎರಡೇ ಇದ್ದರೆ ಕ್ಯಾಮೆರಾದ್ದು. ಎರಡು ಗೆರೆಯದನ್ನು ಫೋನಿಗೆ ಚುಚ್ಚಿದರೆ ಮೈಕ್ ಸಿಕ್ಕಂತೆ ಕಾಣುತ್ತದೆ, ಆದರೆ ಫೋನು ತನ್ನದೇ ಮೈಕಿನಿಂದ ರೆಕಾರ್ಡ್ ಮಾಡುತ್ತಿರುತ್ತದೆ. ಪರೀಕ್ಷೆ ಸುಲಭ. ಕಾಲರ್ ಮೈಕಿನ ತಲೆಯನ್ನು ಉಗುರಿನಿಂದ ಕೆರೆಯಿರಿ. ಪರದೆಯ ಮೇಲಿನ ಗೆರೆ ಜೋರಾಗಿ ಎಗರಿದರೆ ಸರಿ, ಸುಮ್ಮನಿದ್ದರೆ ಮೈಕ್ ಕೆಲಸ ಮಾಡುತ್ತಿಲ್ಲ.

ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ ಇರಲಿ. ಕತ್ತಿಗೆ ತೀರಾ ಹತ್ತಿರವಾದರೆ ಗದ್ದದ ಮರೆಯಲ್ಲಿ ದನಿ ಮಂದವಾಗುತ್ತದೆ. ಹೊಸಬರ ಚಿತ್ರಗಳಲ್ಲಿ ಹೆಚ್ಚು ದನಿ ಕೆಡಿಸುವುದು ಬಟ್ಟೆ. ರೇಷ್ಮೆ ಸೀರೆ, ಗಂಜಿ ಹಾಕಿದ ಹತ್ತಿ ಬಟ್ಟೆ, ನೈಲಾನ್ ಜಾಕೆಟ್ ಎಲ್ಲವೂ ಸರಬರ ಸದ್ದು ಮಾಡುತ್ತವೆ. ಕುತ್ತಿಗೆಯ ಸರ ಮೈಕಿಗೆ ತಾಗಿದರೆ ಆ ಟೇಕ್ ಹೋಯಿತೆಂದೇ ಲೆಕ್ಕ. ಮೈಕನ್ನು ಬಟ್ಟೆಯೊಳಗೆ ಅಡಗಿಸುವುದಾದರೆ ಬಟ್ಟೆಗೂ ಮೈಕಿಗೂ ಮೆಡಿಕಲ್ ಟೇಪ್ ಅಂಟಿಸಿ, ಒಂದರ ಮೇಲೊಂದು ಉಜ್ಜಬಾರದು. ಕೆಳಗೆ ವೈರನ್ನು ಒಂದು ಸುತ್ತು ಸುತ್ತಿ ಟೇಪ್ ಹಾಕಿದರೆ ಎಳೆದಾಟದ ಸದ್ದು ಮೇಲೇರದು.

ರೆಕಾರ್ಡರ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ವೇವ್ (WAV) ಫೈಲ್, 48 ಕಿಲೋಹರ್ಟ್ಜ್ ಆಯ್ದುಕೊಳ್ಳಿ. ನಟರು ಇಡೀ ಚಿತ್ರದಲ್ಲಿ ಅತಿ ಜೋರಾಗಿ ಹೇಳುವ ಸಾಲನ್ನೇ ಹೇಳಿಸಿ ಮಟ್ಟ ಹೊಂದಿಸಿ: ಆ್ಯಪ್‌ನಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲಬೇಕು. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಪೂರ್ತಿ ಸರಿಮಾಡಲಾಗದು. ಎರಡೂ ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ.

ಇನ್ನು ಕೋಣೆ. ಫ್ಯಾನ್ ಆರಿಸಿ, ಎಷ್ಟೇ ಸೆಕೆಯಿರಲಿ. ಫ್ರಿಜ್ ಆರಿಸುವಾಗ ನಿಮ್ಮ ಬೈಕಿನ ಕೀಲಿಯನ್ನು ಅದರೊಳಗಿಡಿ, ಮನೆಗೆ ಹೊರಡುವ ಮುನ್ನ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಫ್ರೇಮಿನಾಚೆ ನೆಲಕ್ಕೆ ಜಮಖಾನ ಹಾಸಿ, ಬರಿಗೋಡೆಗೆ ದಪ್ಪ ಕಂಬಳಿ ತೂಗುಹಾಕಿ. ಖಾಲಿ ಹಾಲ್‌ಗಿಂತ ಹಾಸಿಗೆ, ಬೀರು, ಪರದೆಗಳು ತುಂಬಿದ ಮಲಗುವ ಕೋಣೆಯಲ್ಲಿ ದನಿ ಯಾವಾಗಲೂ ಚೆನ್ನ.

ಪ್ರತಿ ಟೇಕ್‌ನ ಮೊದಲಿಗೆ ದೃಶ್ಯ, ದನಿ ಎರಡೂ ಓಡುತ್ತಿರುವಾಗ ಕ್ಯಾಮೆರಾ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಅಂಗೈಗಳು ಕೂಡಿದ ಫ್ರೇಮಿಗೆ, ದನಿಯ ಗೆರೆಯಲ್ಲಿ ಚಪ್ಪಾಳೆಯಿಂದೆದ್ದ ಮೊನೆಯನ್ನು ಹೊಂದಿಸಿದರೆ ತುಟಿಗೆ ಮಾತು ಕೂಡಿಕೊಳ್ಳುತ್ತದೆ. ಶೂಟಿಂಗ್ ಮುಗಿದ ಮೇಲೆ ಎಲ್ಲರೂ ನಿಂತಲ್ಲೇ ನಿಂತು ಅರ್ಧ ನಿಮಿಷ ಆ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆ ಹಿನ್ನೆಲೆ ತಟ್ಟನೆ ಸತ್ತುಹೋಗದಂತೆ ತುಂಬಲು ಅದು ಬೇಕಾಗುತ್ತದೆ.

ಕ್ಯಾಮೆರಾ ವಿಚಾರದಲ್ಲಿ ಒಂದೇ ಮಾತು. ನಮ್ಮ ಕರೆಂಟು 50 ಹರ್ಟ್ಜ್‌ನದು, ಅನೇಕ ಟ್ಯೂಬ್‌ಲೈಟ್ ಮತ್ತು ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಸೆಕೆಂಡಿಗೆ 30 ಫ್ರೇಮ್, 1/60 ಶಟರ್‌ನಲ್ಲಿ (ಅಂದರೆ ಪ್ರತಿ ಫ್ರೇಮಿಗೂ ಸೆಕೆಂಡಿನ ಅರವತ್ತನೇ ಒಂದು ಪಾಲು ಬೆಳಕು ಬಿಟ್ಟು) ಹಿಡಿದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. 25 ಫ್ರೇಮ್, 1/50 ಶಟರ್ ಇಟ್ಟುಕೊಳ್ಳಿ. ಫೋನಿನದೇ ಆ್ಯಪ್ ಇದಕ್ಕೆ ಬಿಡದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿ ಸಿಗುತ್ತದೆ, ಆದರೆ ಎಲ್ಲ ಆಂಡ್ರಾಯ್ಡ್ ಫೋನ್‌ಗಳಲ್ಲಿ ನಡೆಯದು.

ಟೇಕ್‌ನ ಆರಂಭದಲ್ಲಿ ಸರಿಯಿದ್ದ ಮಾತು ಕೊನೆಗೆ ತುಟಿಯಿಂದ ಜಾರಿದರೆ, ಫೋನು ಫ್ರೇಮ್ ವೇಗವನ್ನು ತನ್ನಷ್ಟಕ್ಕೆ ಬದಲಿಸಿರುವ ಸಾಧ್ಯತೆ ಹೆಚ್ಚು. ಎಡಿಟಿಂಗ್‌ಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ವೇಗಕ್ಕೆ ಪರಿವರ್ತಿಸಿ. ಟೇಕ್‌ಗಳನ್ನು ಒಂದೆರಡು ನಿಮಿಷದೊಳಗೆ ಮುಗಿಸಿದರೆ ಈ ಕಾಟವೂ ಕಡಿಮೆ.

‘ಆಮೇಲೆ ಡಬ್ ಮಾಡಿಕೊಂಡರಾಯಿತು’ ಎಂದು ತಂಡದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಒಪ್ಪಬೇಡಿ. ಪಳಗಿದ ಕಲಾವಿದರಿಗೂ ಡಬ್ಬಿಂಗ್ ಬೇರೆಯದೇ ಕಸುಬು. ಹೊಸಬರು ಪರದೆ ನೋಡುತ್ತ ತುಟಿಗೆ ಹೊಂದಿಸುವ ಗಡಿಬಿಡಿಯಲ್ಲಿ ಭಾವವನ್ನೇ ಬಿಟ್ಟುಬಿಡುತ್ತಾರೆ. ಬಸ್ಸೋ ಮಿಕ್ಸಿಯೋ ಒಂದು ಸಾಲನ್ನು ಕೆಡಿಸಿದರೆ ಅಲ್ಲೇ, ಅದೇ ಕ್ಷಣ, ಕ್ಯಾಮೆರಾ ಆಫ್ ಮಾಡಿ ಅದೇ ಮೈಕಿಗೆ ಆ ಸಾಲನ್ನು ಅದೇ ಲಯದಲ್ಲಿ ಎರಡು ಮೂರು ಸಲ ಹೇಳಿಸಿಕೊಳ್ಳಿ. ನಟರು ಇನ್ನೂ ಪಾತ್ರದಲ್ಲೇ ಇರುತ್ತಾರೆ, ಕೋಣೆಯೂ ಅದೇ ಆಗಿರುವುದರಿಂದ ತೇಪೆ ಹಾಕಿದ್ದು ಗೊತ್ತಾಗುವುದಿಲ್ಲ.