ಪೆರಿನ್‌ನ ಕೊಡಲಿ ಮತ್ತು ನಿಧಾನ ಅಧ್ಯಾಯಗಳ ತಕರಾರು

ದೀರ್ಘ ಫ್ಯಾಂಟಸಿ ಕಾದಂಬರಿಯಲ್ಲಿ ಕತೆ ಮುಂದೆ ಸಾಗದೆ ಪಾತ್ರಗಳ ಸುತ್ತಲೇ ನಿಲ್ಲುವ ಅಧ್ಯಾಯಗಳು ಬೇಕೇ ಎಂಬ ಚರ್ಚೆಯಲ್ಲಿ ಒಂದು ಪುಸ್ತಕದ ಹೆಸರು ತಪ್ಪದೆ ಬರುತ್ತದೆ: ರಾಬರ್ಟ್ ಜೋರ್ಡನ್ 2003ರಲ್ಲಿ ಪ್ರಕಟಿಸಿದ ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’. ಇದು ‘ದಿ ವೀಲ್ ಆಫ್ ಟೈಮ್’ ಸರಣಿಯ ಹತ್ತನೇ ಸಂಪುಟ.

ನಿಧಾನ ಎಂಬುದು ಈ ಪ್ರಕಾರಕ್ಕೆ ಹೊಸದೇನಲ್ಲ. 1954ರಲ್ಲಿ ಬರತೊಡಗಿದ ಟೋಲ್ಕಿನ್ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಕತೆಯ ಕೇಂದ್ರವಾದ ಮಾಂತ್ರಿಕ ಉಂಗುರ ಕೈಗೆ ಬಂದ ಮೇಲೂ ಫ್ರೋಡೋ ಮನೆ ಬಿಟ್ಟು ಹೊರಡುವುದು ಹದಿನೇಳು ವರ್ಷಗಳ ನಂತರ. ಅದಕ್ಕಾಗಿ ಯಾರೂ ವರ್ಷಗಟ್ಟಲೆ ಮುಂದಿನ ಸಂಪುಟದ ದಾರಿ ಕಾಯಬೇಕಿರಲಿಲ್ಲ. ಮೂರೂ ಭಾಗಗಳು 1955ರೊಳಗೆ ಓದುಗರ ಕೈ ಸೇರಿದ್ದವು. ಜೋರ್ಡನ್ ಓದುಗರ ಪಾಡು ಬೇರೆ. 1990ರಲ್ಲಿ ಶುರುವಾದ ಸರಣಿಯ ಸಂಪುಟಗಳು ಮೊದಮೊದಲು ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಬಂದವು, ಆಮೇಲೆ ಎರಡು ವರ್ಷ, ಮತ್ತೂ ಹೆಚ್ಚು ಹಿಡಿಯತೊಡಗಿದವು.

2000ದಲ್ಲಿ ಬಂದ ಒಂಬತ್ತನೇ ಸಂಪುಟದ ಕೊನೆಯಲ್ಲಿ ನಾಯಕ ರ‍್ಯಾಂಡ್, ಗಂಡಸರ ಪಾಲಿನ ಮಾಂತ್ರಿಕ ಶಕ್ತಿಗೆ ಅಂಟಿದ್ದ ಕಳಂಕವನ್ನು ತೊಳೆಯುತ್ತಾನೆ. ಇಡೀ ಸರಣಿಯ ದೊಡ್ಡ ತಿರುವುಗಳಲ್ಲಿ ಇದೂ ಒಂದು. ಮುಂದೇನೆಂದು ಕಾದವರು ಹತ್ತನೆಯದನ್ನು ತೆರೆದರೆ ಕಾಲ ಹಿಂದಕ್ಕೆ ಹೋಗಿತ್ತು! ಬೇರೆ ಬೇರೆ ಊರುಗಳಲ್ಲಿರುವ ಪಾತ್ರಗಳು ಒಬ್ಬರಾದ ಮೇಲೊಬ್ಬರು ಅದೇ ಘಟನೆಯನ್ನು ದೂರದಿಂದ ಗ್ರಹಿಸಿ ಅಚ್ಚರಿಪಡುತ್ತಾರೆ. ನಾಯಕನೇ ಪುಸ್ತಕದಲ್ಲಿ ಅಪರೂಪ. ಈ ಪುನರಾವರ್ತನೆಯ ಮೇಲಿನ ಸಿಟ್ಟು ನ್ಯಾಯವಾದದ್ದೇ.

ಆದರೆ ಅದೇ ಸಿಟ್ಟಿನಲ್ಲಿ ನಾಯಕನ ಗೆಳೆಯ ಪೆರಿನ್‌ನ ಅಧ್ಯಾಯಗಳನ್ನೂ ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಅವನ ಹೆಂಡತಿ ಫೈಲ್‌ಳನ್ನು ಶತ್ರುಗಳು ಹೊತ್ತೊಯ್ದಿದ್ದಾರೆ. ಸೈನ್ಯಕ್ಕೆ ಕಾಳು ಕೊಳ್ಳಲು ಅವನು ಸೋ ಹಾಬರ್ ಎಂಬ ಊರಿಗೆ ಹೋಗುತ್ತಾನೆ. ಕಾಳಿನ ತುಂಬ ಹುಳು, ಸ್ನಾನ ಕಾಣದ ಜನ, ಬೀದಿಯಲ್ಲಿ ಸತ್ತವರ ನೆರಳು. ಕತೆ ಇಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಮರು ಅಧ್ಯಾಯದಲ್ಲೇ ಸೆರೆಸಿಕ್ಕ ಶತ್ರುಗಳ ಬಾಯಿ ಬಿಡಿಸಲು ಪೆರಿನ್ ಒಬ್ಬನ ಕೈಯನ್ನು ಕೊಡಲಿಯಿಂದ ಕಡಿಯುತ್ತಾನೆ. ಆಮೇಲೆ ಆ ಕೊಡಲಿಯನ್ನು ಮರಕ್ಕೆ ನಾಟಿಸಿ, ಅಲ್ಲೇ ಬಿಟ್ಟು ನಡೆಯುತ್ತಾನೆ. ಕೊಡಲಿಯನ್ನು ದ್ವೇಷಿಸುವವರೆಗೂ ಇಟ್ಟುಕೋ, ಅದು ಇಷ್ಟವಾಗತೊಡಗಿದ ದಿನ ಎಸೆದು ಓಡು ಎಂದು ತೋಳಗಳ ಒಡನಾಡಿ ಎಲಿಯಾಸ್ ಅವನಿಗೆ ಹೇಳಿದ್ದು ಮೊದಲ ಸಂಪುಟದಲ್ಲಿ. ಹದಿಮೂರು ವರ್ಷ ಹಿಂದಿನ ಆ ಮಾತು ತೀರುವುದು ಇಲ್ಲಿ. ಹುಳು ಹಿಡಿದ ಕಾಳಿನ ನಡುವೆ ಅವನು ಹೇಗೆ ಕಲ್ಲಾಗುತ್ತ ಹೋದ ಎಂದು ನೋಡಿರದಿದ್ದರೆ ಆ ಏಟು ಬರೀ ಕ್ರೌರ್ಯವಾಗುತ್ತಿತ್ತು.

ಫೈಲ್ ಬಿಡುಗಡೆಯಾದದ್ದು 2005ರ ಹನ್ನೊಂದನೇ ಸಂಪುಟದಲ್ಲಿ. ಒಂದು ಅಪಹರಣ ಮುಗಿಯಲು ವರ್ಷಗಳು ಬೇಕಾದಾಗ ತಾಳ್ಮೆ ಕೆಡುವುದು ಸಹಜ. ಅದೇ ವರ್ಷ ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ನಾಲ್ಕನೇ ಸಂಪುಟದಿಂದ ಅರ್ಧದಷ್ಟು ಪಾತ್ರಗಳನ್ನು ಹೊರಗಿಟ್ಟರು, ಅವರ ಕತೆ ಸಿಕ್ಕಿದ್ದು 2011ಕ್ಕೆ. ಅಲ್ಲೂ ಇದೇ ತಕರಾರು ಎದ್ದಿತು.

ಜೋರ್ಡನ್ 2007ರಲ್ಲಿ ತೀರಿಕೊಂಡರು. ಬ್ರ್ಯಾಂಡನ್ ಸ್ಯಾಂಡರ್ಸನ್ 2013ರಲ್ಲಿ ಹದಿನಾಲ್ಕನೇ ಸಂಪುಟದೊಂದಿಗೆ ಸರಣಿ ಮುಗಿಸಿದರು. ಈಗ ಓದುವವರು ಹತ್ತನೆಯದನ್ನು ಕೆಳಗಿಟ್ಟು ಅಂದೇ ಹನ್ನೊಂದನ್ನು ಎತ್ತಿಕೊಳ್ಳಬಹುದು, ಪೆರಿನ್‌ನ ಭಾಗ ಅವರಿಗೆ ಅಷ್ಟು ಭಾರವಾಗಲಾರದು. ರಾಜಕುಮಾರಿ ಎಲೇನ್ ಸಿಂಹಾಸನಕ್ಕಾಗಿ ನಡೆಸುವ ಮಾತುಕತೆಯ ಅಧ್ಯಾಯಗಳು ಮಾತ್ರ ನನಗೆ ಇವತ್ತಿಗೂ ಉದ್ದವೇ. ಅವುಗಳ ಕೊನೆಗೂ ಅವಳು ಮೊದಲಿದ್ದ ಎಲೇನ್ ಆಗಿಯೇ ಉಳಿಯುತ್ತಾಳೆ.